ಎರಡೂ ಪೊಟ್ಟಣದಲ್ಲಿ ಕೆಂಪು ಹೂ

1966 ಅಕ್ಟೋಬರ್ 9, ಭಾನುವಾರ. ಕೊಂಬೈ.

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ತಂಗರಾಜನೆಂಬ ನಾನು ದಿನಚರಿ ಬರೆಯತಕ್ಕದ್ದು. ಸಕಲರು ಎಂದರೆ ನಾನೊಬ್ಬನೇ. ಇದನ್ನು ಕದ್ದು ಓದಬಲ್ಲವರು ತಮಿಳು ಸೀಮೆಯ ಈ ಊರಿನಲ್ಲಿ ಇಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಆಡುವುದು ಕನ್ನಡ, ಆದರೆ ಓದುವವರು ಓದುವುದು ತಮಿಳು. ಕನ್ನಡದ ಅಕ್ಷರ ಬಲ್ಲವರು ಅಣ್ಣ ಮುತ್ತುಸಾಮಿ ಮತ್ತು ನಾನು, ಇಬ್ಬರೇ. ಅಣ್ಣ ವೈಗೈ ಅಣೆ ಕಟ್ಟುವಾಗ ಬುಲ್‌ಡೋಜರ್ ಓಡಿಸಲು ಕಲಿತ. ಅಲ್ಲಿದ್ದ ಕೋಲಾರದ ಮೆಕ್ಯಾನಿಕ್ ಒಬ್ಬರು ಊಟದ ಬಿಡುವಿನಲ್ಲಿ ಮಣ್ಣಿನ ಮೇಲೆ ಗೀಚಿ ಅವನಿಗೆ ಅಕ್ಷರ ಕಲಿಸಿದರು. ಅವನು ನನಗೆ ಕಲಿಸಿದ.

ಆಮೇಲೆ ಅಣ್ಣ ಮಲಯಾಕ್ಕೆ ಹೋದ, ಅಲ್ಲಿಂದ ಈ ವರ್ಷ ವಿಯೆಟ್ನಾಮಿಗೆ. ಅಲ್ಲಿ ಯುದ್ಧ. ಅಮೆರಿಕದ ಒಂದು ಕಂಪನಿಗೆ ಇವನು ರಸ್ತೆ ಹಾಕಿಕೊಡುತ್ತಾನೆ. ಅವ್ವನ ಲೆಕ್ಕದಲ್ಲಿ ಸೈಗಾನ್ ಎಂಬುದು ಮಲಯಾದ ಪಿನಾಂಗಿನ ಪಕ್ಕದ ಬಸ್ ಸ್ಟಾಪು.

ಇಂದು ಅಲ್ಲಿಂದ ಮೊದಲ ಕಾಗದ ಬಂತು, ಕನ್ನಡ ಅಕ್ಷರದಲ್ಲಿ! ಅಣ್ಣ ಬರೆದಿರುವುದು ಇಷ್ಟು: "ಇಲ್ಲಿ ಆಫೀಸಿನಲ್ಲಿ ತಮಿಳು ಗುಮಾಸ್ತನೊಬ್ಬನಿದ್ದಾನೆ. ಹೆದರಿಕೆಯ ಸುದ್ದಿ ಇರುವ ಕಾಗದ ಅವನ ಮೇಜು ದಾಟುವುದಿಲ್ಲ. ಅದಕ್ಕೇ ಈ ಅಕ್ಷರ. ತಂಗರಾಜ, ಸಿಪಾಯಿಗಳಿಗೆ ಬಂದೂಕು ಇದೆ, ನಮಗೆ ತಗಡಿನ ಟೋಪಿ ಮಾತ್ರ. ಹೋದ ವಾರ ಕೊರಿಯಾದ ಇಬ್ಬರು ಲಾರಿ ಡ್ರೈವರುಗಳನ್ನು ಅಮೆರಿಕದ ಮೇಲೆ ಕಾದಾಡುವ ಕಾಡಿನವರು ದಾರಿಯಲ್ಲಿ ಹಿಡಿದುಕೊಂಡು ಹೋದರು. ಒಬ್ಬನ ಹೆಣ ಕಾಲುವೆಯಲ್ಲಿ ಸಿಕ್ಕಿತು. ಇದನ್ನು ಅವ್ವನಿಗೂ ತಿಲಗಳಿಗೂ ಓದಬೇಡ. ಏನಾದರೂ ತಮಾಷೆ ಕಟ್ಟಿ ಹೇಳು. ಅದು ನಿನಗೆ ಬರುತ್ತದಲ್ಲ."

ಜಗಲಿಯ ಮೇಲೆ ಅವ್ವ, ಅಣ್ಣನ ಹೆಂಡತಿ ತಿಲಗವತಿ ಅತ್ತಿಗೆ, ಪಕ್ಕದ ಮನೆಯ ಪಾಂಡಿಯಮ್ಮಾಳ್ ಚಿಕ್ಕವ್ವ ಕಾಲು ಚಾಚಿ ಕೂತಾಗಿತ್ತು.

"ಏನ್ಡಾ ಬರೆದವ್ನೆ? ಮುಖ ಯಾಕ್ಡಾ ಹಂಗೆ ಮಾಡ್ತೀಯ?" ಅಂದಳು ಅವ್ವ.

"ಅಕ್ಷರ ಸಣ್ಣಗೈತೆ ಅವ್ವಾ," ಅಂದು ಗಂಟಲು ಸರಿಮಾಡಿಕೊಂಡೆ. "‘ಪೂಜ್ಯ ಮಾತೆಯ ಪಾದಗಳಿಗೆ. ಇಲ್ಲಿ ನಾನು ಕ್ಷೇಮ. ಅಡುಗೆಯವನು ನಮ್ಮ ಉತ್ತಮಪಾಳ್ಯದ ಕಡೆಯವನೇ, ದಿನಾ ರಾಗಿ ಮುದ್ದೆ. ಬಿಳಿ ದೊರೆ ಬೆಳಿಗ್ಗೆ ಬಂದು, ಮುತ್ತುಸಾಮಿ ಅಯ್ಯಾ, ನಿದ್ದೆ ಚೆನ್ನಾಗಿ ಆಯ್ತಾ ಅಂತ ಕೇಳಿದ ಮೇಲೇ ಕೆಲಸ ಶುರು.’"

ಅವ್ವ ಬೀದಿಯ ಎರಡೂ ಕಡೆ ನೋಡಿದಳು, ಯಾರಾದರೂ ಕೇಳದೆ ಉಳಿದಿದ್ದಾರಾ ಅಂತ.

ಅಕ್ಟೋಬರ್ 30

ನನ್ನ ಕೀರ್ತಿ ಪಕ್ಕದ ಊರು ಪಣ್ಣೈಪುರದವರೆಗೆ ಹಬ್ಬಿದೆ. ಎರಡನೆಯ ಕಾಗದ ಓದುವಾಗ ಜಗಲಿಯಲ್ಲಿ ಹದಿನಾಲ್ಕು ಜನ, ಒಂದು ಮೇಕೆ. ವಿಯೆಟ್ನಾಮಿನ ಎಮ್ಮೆಗಳು ಬುಲ್‌ಡೋಜರ್ ಕಂಡರೆ ಸಾಲಾಗಿ ನಿಂತು ತಲೆ ಬಾಗುತ್ತವೆ ಎಂದು ಅಪ್ಪಣೆ ಕೊಡಿಸಿದೆ. ಒಬ್ಬರೂ ಅನುಮಾನಿಸಲಿಲ್ಲ. ಪಾಂಡಿಯಮ್ಮಾಳ್ ಚಿಕ್ಕವ್ವ ಮಾತ್ರ, "ನಮ್ಮ ಎಮ್ಮೆಗೂ ಕಲಿಸಬಹುದಾ, ಕೇಳಿ ಬರೀಡಾ," ಅಂದಳು.

ಎಡವಿದ್ದು ಅತ್ತಿಗೆಯ ಹತ್ತಿರ. ಎಲ್ಲರೂ ಎದ್ದ ಮೇಲೆ ಮೆಲ್ಲಗೆ ಕೇಳಿದಳು: "ನನಗೇನೂ ಬರೆದಿಲ್ವಾ ತಂಬಿ?"

ಕಾಗದ ಮತ್ತೆ ಬಿಚ್ಚಿ, "‘ಪ್ರಿಯೆ ತಿಲಗವತಿ, ಇಲ್ಲಿಯ ಚಂದ್ರನಲ್ಲಿ ನಿನ್ನ ಮುಖ ಕಾಣುತ್ತೇನೆ’" ಎಂದು ಓದಿದೆ.

ಅವಳು ನನ್ನನ್ನು ದಿಟ್ಟಿಸಿದಳು. "ನಿಮ್ಮಣ್ಣಂಗೆ ಜ್ವರವಾ?"

ಅಣ್ಣ ಮದುವೆಯಾದ ಮೂರು ವರ್ಷದಲ್ಲಿ ಅವಳ ಹತ್ತಿರ ಆಡಿದ ಮಾತು ಒಂದು ಚೀಲದಲ್ಲಿ ತುಂಬಿದರೆ ಚೀಲ ನಿಲ್ಲುವುದಿಲ್ಲ. ಮರೆತಿದ್ದೆ. ಕೂಡಲೇ ಕಾಗದ ತಿರುಗಿಸಿ, "ಹಿಂದೆಯೂ ಒಂದು ಸಾಲು ಐತೆ ಅತ್ತಿಗೆ: ‘ಕೆಂಪು ಹಸು ಗಬ್ಬ ನಿಂತಿತಾ?’" ಅಂದೆ.

ಅತ್ತಿಗೆಯ ಮುಖ ಅರಳಿತು. "ಹ್ಞೂಂ, ಇದು ಅವರೇ," ಅಂದಳು.

ನವೆಂಬರ್ 24

ಕಾಗದ ಬಂತು. ಅಣ್ಣನ ಮುಂದೆ ಹೋಗುತ್ತಿದ್ದ ಬುಲ್‌ಡೋಜರ್ ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೇಲೆ ಹತ್ತಿತಂತೆ. ಓಡಿಸುತ್ತಿದ್ದವನು ಥಾಯ್ಲೆಂಡಿನವನು. ಅವನ ಟೋಪಿ ಮಾತ್ರ ಹಾಗೇ ಇತ್ತಂತೆ.

ದೀಪಾವಳಿಗೆ ದೊರೆ ಪಟಾಕಿ ಹೊಡೆಸಿದರು ಎಂದು ಓದಿದೆ. ಎಲ್ಲರೂ ನಕ್ಕರು. ಈವತ್ತು ಬೇರೆ ವಿಶೇಷವಿಲ್ಲ.

ಡಿಸೆಂಬರ್ 15

ಅಣ್ಣನ ಕರಾರು ಜನವರಿ ಹದಿನೈದಕ್ಕೆ ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಸಹಿ ಹಾಕಿದರೆ ಸಂಬಳ ಇಮ್ಮಡಿ ಅಂತ ಕಂಪನಿ ಹೇಳಿದೆ. ನಮ್ಮ ಬಾವಿಗೆ ಡೀಸೆಲ್ ಎಂಜಿನ್ ಹಾಕಬಹುದು, ಅದರಾಚೆಯ ಎರಡು ಎಕರೆ ಕೊಳ್ಳಬಹುದು. "ನನಗೇ ತೀರ್ಮಾನ ಮಾಡಲು ಆಗುತ್ತಿಲ್ಲ," ಎಂದು ಬರೆದಿದ್ದಾನೆ. "ರಾತ್ರಿ ಇಬ್ಬರು ಮಲಗಿದರೆ ಒಬ್ಬ ಬಾಗಿಲಲ್ಲಿ ಕೂರುತ್ತಾನೆ. ಹೋದ ತಿಂಗಳು ಪಕ್ಕದ ಡೇರೆಯಿಂದಲೇ ಒಬ್ಬನನ್ನು ಎತ್ತಿಕೊಂಡು ಹೋದರು. ಅವ್ವ ಬಾ ಅಂದರೆ ಬರುತ್ತೇನೆ, ಇರು ಅಂದರೆ ಇರುತ್ತೇನೆ. ಅವ್ವನ ಮಾತನ್ನು ತಿಲಗ ತಮಿಳಿನಲ್ಲಿ ಬರೆಯಲಿ. ನೀನು ಬರೆದರೆ ನಾನು ನಂಬುವುದಿಲ್ಲ. ನಿನ್ನ ತಮಾಷೆ ನನಗೆ ಗೊತ್ತು."

ಕೊನೆಯ ಮಾತಿನಿಂದ ನನ್ನ ಮಾನಕ್ಕೆ ಭಂಗವಾಗಿದೆ. ಆದರೂ ಕರಾರಿನ ವಿಷಯವನ್ನು ಇದ್ದದ್ದು ಇದ್ದ ಹಾಗೆ ಓದಿದೆ. ಡೇರೆಯ ಸಾಲನ್ನು ಹಾರಿಸಿದೆ.

ಪಾಂಡಿಯಮ್ಮಾಳ್ ಚಿಕ್ಕವ್ವ, "ಇದರಲ್ಲಿ ಯೋಚನೆ ಏನ್ ನಾಗಮ್ಮಾ? ಮುದ್ದೆ ಐತೆ, ದೊರೆ ಮರ್ಯಾದೆ ಐತೆ. ಇರಲಿ ಅನ್ನು. ನನ್ನ ಮಗ ಇದ್ದಿದ್ರೆ ನಾಳೇನೇ ಕಳಿಸ್ತಿದ್ದೆ," ಅಂದಳು.

ಅವ್ವ ಕಾಗದವನ್ನು ನನ್ನ ಕೈಯಿಂದ ತೆಗೆದು ಮಡಿಸಿದಳು. ಕೊನೆಗೆ, "ಮಂಗಳವಾರ ಅಮ್ಮನ ಗುಡೀಲಿ ಹೂ ಕೇಳೋಣ," ಅಂದಳು.

ಡಿಸೆಂಬರ್ 19

ರಾಜರಹಸ್ಯ. ಹೂ ಕೇಳುವ ಕ್ರಮ ಹೀಗೆ: ಒಂದು ಎಲೆಯಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು. ಎರಡನ್ನೂ ಒಂದೇ ಥರ ಕಟ್ಟಿ ಅಮ್ಮನ ಮುಂದೆ ಉರುಳಿಸಬೇಕು. ಕೇಳಬೇಕಾದ್ದನ್ನು ಕೇಳಿ, ಒಂದನ್ನು ಎತ್ತಬೇಕು. ಬಿಳಿ ಬಂದರೆ ಸರಿ, ಕೆಂಪು ಬಂದರೆ ಕೂಡದು. ಎತ್ತದೆ ಉಳಿದ ಪೊಟ್ಟಣವನ್ನು ಯಾರೂ ಬಿಚ್ಚುವಂತಿಲ್ಲ. ಅದನ್ನು ಕಾಲುವೆಗೆ ಬಿಡುತ್ತಾರೆ.

ಪೊಟ್ಟಣ ಕಟ್ಟುವವರು ಯಾರು? ಮನೆಯ ಕಿರಿಯ ಮಗ. ಅಂದರೆ, ಈ ಮಹಾಶಯ.

ಮಗ ಇನ್ನೊಂದು ವರ್ಷ ಇರಬಹುದಾ ಎಂದು ಅವ್ವ ಕೇಳುತ್ತಾಳೆ. ಕೆಂಪು ಬರುತ್ತದೆ. ಅಮ್ಮನೇ ಕೂಡದು ಅಂದ ಮೇಲೆ ಅಣ್ಣ ಪೊಂಗಲ್ ಕಳೆಯುವಷ್ಟರಲ್ಲಿ ಹಡಗಿನಲ್ಲಿ. ಯಾರಿಗೂ ಹೆದರಿಕೆಯಿಲ್ಲ, ಯಾರಿಗೂ ಕಣ್ಣೀರಿಲ್ಲ, ಹೆಣದ ಮಾತಿಲ್ಲ. ಬಾವಿಯ ಹತ್ತಿರದ ಕಣಗಿಲೆ ಗಿಡದಿಂದ ಎರಡು ಕೆಂಪು ಹೂ ಕಿತ್ತು ಎರಡೂ ಎಲೆಯಲ್ಲಿ ಕಟ್ಟಿದ್ದೇನೆ. ನನ್ನ ಜೀವಮಾನದಲ್ಲಿ ಇಷ್ಟು ಅಚ್ಚುಕಟ್ಟಾದ ಕುಚೇಷ್ಟೆಯನ್ನು ನಾನು ಮಾಡಿಲ್ಲ.

ಡಿಸೆಂಬರ್ 20, ಮಂಗಳವಾರ

ಅವ್ವ ಬೇರೆಯದನ್ನೇ ಕೇಳಿಬಿಟ್ಟಳು.

ಪೂಜಾರಿ ಚಿನ್ನಯ್ಯ ಪೊಟ್ಟಣ ಉರುಳಿಸಿದರು. ಅವ್ವ ಕೈಮುಗಿದಳು. "ತಾಯೀ, ಎಂಜಿನ್ನೂ ಬೇಡ, ಏನೂ ಬೇಡ. ನನ್ನ ಮಗನ್ನ ಮನೆಗೆ ಕರೆಸ್ಕೊಳ್ಳಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಎತ್ತಿಯಾಗಿತ್ತು. ಚಿನ್ನಯ್ಯ ಬಿಚ್ಚಿದರು. ಕೆಂಪು.

"ಕೂಡದು ಅಂತಾಳೆ ಅಮ್ಮ. ಕರೆಸ್ಬೇಡ," ಅಂದರು ಚಿನ್ನಯ್ಯ.

"ನಾನು ಹೇಳ್ಲಿಲ್ವಾ?" ಅಂದಳು ಪಾಂಡಿಯಮ್ಮಾಳ್ ಚಿಕ್ಕವ್ವ.

ಅವ್ವ ಕಣ್ಣು ಒರೆಸಿಕೊಂಡು, ಒಮ್ಮೆ ಕೆಮ್ಮಿ, "ಸರಿ ತಾಯಿ," ಅಂದಳು. ಇಷ್ಟೂ ದಿನ ಬೀದಿಗೆಲ್ಲ ಮಗನ ವೈಭವ ಹೇಳಿಕೊಂಡು ತಿರುಗಿದವಳು ಒಳಗೆ ಬೇಕೆಂದದ್ದು ಅವನು ಬರಲಿ ಅಂತ. ನನಗೆ ಗೊತ್ತಾಗಲೇ ಇಲ್ಲ. ನಾನು ಕೈ ಹಾಕದೆ ಸುಮ್ಮನಿದ್ದಿದ್ದರೆ ಬಿಳಿ ಬರುವ ಅರ್ಧ ಭಾಗ್ಯವಾದರೂ ಇತ್ತು.

ಉಳಿದ ಪೊಟ್ಟಣ ಕಾಲುವೆಯಲ್ಲಿ ತೇಲಿಹೋಯಿತು. ಅತ್ತಿಗೆ ಸಂಜೆಯೊಳಗೆ "ಇರಿ" ಎಂದು ಬರೆದು ಅಂಚೆಗೆ ಹಾಕಿ ಬಂದಳು.

ಊಟ ಸೇರಲಿಲ್ಲ. ಮುದ್ದೆ ಗಟ್ಟಿಯಾಗಿತ್ತು.

ಡಿಸೆಂಬರ್ 22

ಹೇಳಿಬಿಟ್ಟೆ. ಅವ್ವ ಕಡಲೆಕಾಯಿ ಸುಲಿಯುತ್ತಿದ್ದಳು. ಎದುರು ಕೂತು, "ಅವ್ವಾ, ಎರಡೂ ಪೊಟ್ಟಣದಾಗೂ ಕೆಂಪೇ ಇತ್ತು. ನಾನೇ ಕಟ್ಟಿದ್ದು," ಅಂದೆ.

"ಪೋಡಾ," ಅಂದಳು ತಲೆಯೆತ್ತದೆ.

"ಆಣೆಗೂ ಅವ್ವಾ. ಅಣ್ಣಂಗೆ ಅಲ್ಲಿ ಜೀವಕ್ಕೆ ಭಯ ಐತೆ. ಜನಾನ ಹಿಡ್ಕೊಂಡು ಹೋಗಿ ಕೊಲ್ತಾವ್ರೆ. ಮುದ್ದೆ, ದೊರೆ, ಎಮ್ಮೆ ಎಲ್ಲಾ ನಾನು ಕಟ್ಟಿದ ಕತೆ."

ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಹೋದ ವರ್ಷ ಚಿರತೆ ಬಂತು ಅಂತ ಬೀದೀನೆಲ್ಲ ಮಾಳಿಗೆ ಹತ್ತಿಸಿದೋನು ಯಾರ್ಡಾ? ಆಗಲೂ ಆಣೆ ಇಟ್ಟಿದ್ದೆ. ಸಾಮಿ ವಿಷಯದಲ್ಲಿ ಆಟ ಬೇಡ. ಕಣ್ಣು ಹೋಗ್ತಾವೆ."

ಕಾಗದಗಳನ್ನೆಲ್ಲ ತಂದು ನಿಜವಾದದ್ದನ್ನು ಓದಿದೆ. ಕೊರಿಯಾದವನು, ಕಾಲುವೆ, ಟೋಪಿ, ಡೇರೆ. ಅವ್ವ ಕೇಳಿದಳು. ಆಮೇಲೆ, "ಮೊದಲು ಒಂದು ಥರ ಓದಿದೆ. ಈಗ ಅದೇ ಕಾಗದ ಇನ್ನೊಂದು ಥರ ಓದ್ತೀಯ. ಯಾವುದನ್ನ ನಂಬಲಿ?" ಅಂದಳು.

ನ್ಯಾಯವಾದ ಪ್ರಶ್ನೆ.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಬಂದು ಕಾಗದಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅತ್ತೆ, ಶನಿವಾರ ತೇನಿ ಸಂತೆ. ಅಲ್ಲಿ ಮೈಸೂರು ಕಡೆ ದಲ್ಲಾಳಿ ಬತ್ತಾರೆ, ಈರುಳ್ಳಿ ಕೊಳ್ಳಾಕೆ. ಅವರು ಓದಲಿ. ಇವನನ್ನ ಬಾಯಿ ಬಿಡಾಕೆ ಬಿಡಬಾರ್ದು."

ಡಿಸೆಂಬರ್ 24, ಶನಿವಾರ

ತೇನಿಯ ಸಂತೆಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಆ ದಲ್ಲಾಳಿ ಸಿಕ್ಕರು. ಹುಣಸೂರಿನವರು. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಮೇಲೆ ಪೆನ್ಸಿಲ್. ಅವ್ವ ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಅವರಿಗೆ ಬೆರಗು. "ಏನಮ್ಮಾ, ಯಾವ ಕಾಲದ ಕನ್ನಡ ಇದು?" ಅಂದರು. ಅವ್ವ, "ಮನೇಲಿ ಮಾತಾಡೋದು ಸಾಮಿ. ಈ ಕಾಗದ ಓದಿ ಕೊಡಿ. ಬರೆದಿರೋದಷ್ಟೇ," ಅಂದಳು. ಅತ್ತಿಗೆ ನನ್ನನ್ನು ಮೂರು ಮೂಟೆ ಆಚೆ ನಿಲ್ಲಿಸಿದಳು.

ಅವರು ತೂಕ ಹೇಳುವ ದನಿಯಲ್ಲೇ ಓದಿದರು. ಮೇಲೂ ಇಲ್ಲ, ಕೆಳಗೂ ಇಲ್ಲ. ನಾನು ಕೈಕಾಲು ಕುಣಿಸಿ ಓದುತ್ತಿದ್ದದ್ದನ್ನು ಅವರು ಈರುಳ್ಳಿಯ ಹಾಗೆ ಒಂದೊಂದಾಗಿ ಎತ್ತಿ ಇಟ್ಟರು. ಒಬ್ಬನ ಹೆಣ ಕಾಲುವೆಯಲ್ಲಿ ಸಿಕ್ಕಿತು. ಇದನ್ನು ಅವ್ವನಿಗೂ ತಿಲಗಳಿಗೂ ಓದಬೇಡ. ಅಲ್ಲಿಗೆ ಬಂದಾಗ ನಿಂತು, ಕನ್ನಡಕದ ಮೇಲಿಂದ ಅವ್ವನನ್ನು ನೋಡಿದರು. "ಮುಂದೆ ಓದಲಾ ತಾಯಿ?"

"ಓದಿ."

"‘ಏನಾದರೂ ತಮಾಷೆ ಕಟ್ಟಿ ಹೇಳು. ಅದು ನಿನಗೆ ಬರುತ್ತದಲ್ಲ.’"

ಅವ್ವ ಮೂಟೆ ದಾಟಿ ಬಂದು ನನ್ನ ಕೆನ್ನೆಗೆ ಒಂದು ಕೊಟ್ಟಳು. ಅದೇ ಕೈಯಿಂದ ಆ ಕೆನ್ನೆಯನ್ನೇ ಸವರಿದಳು. "ಇಷ್ಟು ದಿನ ಒಬ್ಬನೇ ಹೊತ್ಕೊಂಡಿದ್ಯಾ, ಪಾವಂ," ಅಂದಳು. ನನಗೆ ಅರ್ಥವಾಗಲಿಲ್ಲ. ನಾನೇನು ಮೂಟೆ ಹೊತ್ತವನಲ್ಲ.

"ಮತ್ತೆ ಹೂ ಕೇಳೋಣವಾ ಅತ್ತೆ?" ಅಂದಳು ಅತ್ತಿಗೆ.

"ನನ್ನ ಮಗನ್ನ ಬಾ ಅನ್ನಾಕೆ ಯಾರನ್ನ ಕೇಳ್ಬೇಕು? ಅಮ್ಮನ ಹತ್ರ ನಾನು ಆಮೇಲೆ ಮಾತಾಡ್ಕೋತೀನಿ. ತಂತಿ ಆಫೀಸು ಎಲ್ಲಿ?"

ತಂತಿ ಗುಮಾಸ್ತರು ತಿಳಿದವರು. "‘ತಾಯಿ ಸಾಯುವ ಸ್ಥಿತಿ’ ಅಂತ ಹಾಕಿದರೆ ರಜೆ ಬೇಗ ಸಿಗುತ್ತೆ, ಎಲ್ಲರೂ ಅದನ್ನೇ ಹಾಕೋದು," ಅಂದರು. ಅವ್ವ ನನ್ನ ಮುಖ ನೋಡಿದಳು. ನಾನು, "ಬೇಡ ಸಾರ್. ‘ಬಾ. ಅವ್ವ.’ ಅಷ್ಟೇ ಇಂಗ್ಲಿಷಲ್ಲಿ ಹಾಕಿ," ಅಂದೆ. ಯಾಕೆ ಹಾಗಂದೆನೋ. ಅಷ್ಟು ಒಳ್ಳೆಯ ಸುಳ್ಳು ಕೈಗೆ ಬಂದಿತ್ತು. ಕೆನ್ನೆ ಇನ್ನೂ ಉರಿಯುತ್ತಿದ್ದದ್ದರಿಂದ ಇರಬೇಕು.

ತಂತಿ ಆ "ಇರಿ" ಕಾಗದಕ್ಕಿಂತ ಮೊದಲೇ ಮುಟ್ಟುತ್ತದಂತೆ.

1967 ಜನವರಿ 14

ಪೊಂಗಲ್. ಹಾಲು ಉಕ್ಕಿತು. ಅಣ್ಣನಿಂದ ಸುದ್ದಿಯಿಲ್ಲ.

ಜನವರಿ 20

ಸುದ್ದಿಯಿಲ್ಲ. ಅತ್ತಿಗೆಗೆ ಕನ್ನಡ ಅಕ್ಷರ ಹೇಳಿಕೊಡುತ್ತಿದ್ದೇನೆ. ಅವಳೇ ಕೇಳಿದಳು. "ಇನ್ನು ಮೇಲೆ ನಿನ್ನ ಮುಖ ನೋಡ್ಕೊಂಡು ಕಾಗದ ಕೇಳಾಕೆ ನನ್ನಿಂದಾಗಲ್ಲ," ಅಂದಳು. ಕ ಖ ಗ ಘ ಮುಗಿಯಿತು. ಙ ಎಲ್ಲಿ ಬರುತ್ತದೆ ಅಂದಳು. ನನಗೂ ಗೊತ್ತಿಲ್ಲ.

ಅಂಚೆಯವರು ನಮ್ಮ ಬೀದಿಗೆ ತಿರುಗಿದರೆ ಪಾಂಡಿಯಮ್ಮಾಳ್ ಚಿಕ್ಕವ್ವ ಕೂಡ ಈಗ ಮಾತು ನಿಲ್ಲಿಸುತ್ತಾಳೆ.

ಜನವರಿ 27

ಬಂತು! ಬಂತು! ಅವನ ಕೈಬರಹ!

ಜಗಲಿ ತುಂಬಿತ್ತು. ಅತ್ತಿಗೆ ನನ್ನ ಪಕ್ಕದಲ್ಲಿ ಕೂತು, ನನ್ನ ಬೆರಳು ಎಲ್ಲಿ ಹೋಗುತ್ತದೋ ಅಲ್ಲೇ ಕಣ್ಣಿಟ್ಟಳು. ನಾನು ಒಂದಕ್ಷರ ಬಿಡದೆ ಓದಿದೆ.

"ನಿಮ್ಮ ತಂತಿ ಬಂದಾಗ ಸಹಿ ಹಾಕಲು ಪೆನ್ನು ಕೈಯಲ್ಲಿತ್ತು. ಹಾಕಲಿಲ್ಲ. ಜನವರಿ ಎರಡಕ್ಕೆ ರಸ್ತೆಯಲ್ಲಿ ನನ್ನನ್ನೂ ಫಿಲಿಪೈನ್ಸಿನ ಬೆನಿಟೊನನ್ನೂ ಹಿಡಿದರು. ಹನ್ನೊಂದು ದಿನ ಕಾಡಿನಲ್ಲಿ ನಡೆಸಿದರು. ಕೈಕಟ್ಟು ಬಿಚ್ಚುತ್ತಿದ್ದದ್ದು ಅನ್ನಕ್ಕೆ ಮಾತ್ರ. ಅವರಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ನನ್ನ ಜೇಬು ಹುಡುಕಿ ತಂತಿ ಓದಿದ. ಇದು ಯಾರು ಅಂದ. ನಮ್ಮವ್ವ ಅಂದೆ. ಮಡಿಸಿ ಮತ್ತೆ ಜೇಬಿಗೇ ಇಟ್ಟ. ಎರಡು ದಿನ ಬಿಟ್ಟು ನನ್ನನ್ನು ಹೆದ್ದಾರಿಯ ಹತ್ತಿರ ತಂದು, ಹೋಗು ಅಂದರು. ಯಾಕೆ ಬಿಟ್ಟರೋ ಗೊತ್ತಿಲ್ಲ. ಬೆನಿಟೊನನ್ನು ಬಿಡಲಿಲ್ಲ. ಅವನು ನನಗೆ ಅವನ ಚಪ್ಪಲಿ ಕೊಟ್ಟಿದ್ದ. ನಾನು ಪಿನಾಂಗಿನಿಂದ ಹಡಗು ಹತ್ತುತ್ತೇನೆ. ಫೆಬ್ರವರಿ ಹನ್ನೆರಡಕ್ಕೆ ದಿಂಡಿಗಲ್."

ಅವ್ವ ಎದ್ದು ಒಳಗೆ ಹೋದಳು. ದೇವರ ಮುಂದೆ ಎರಡು ದೀಪ ಹಚ್ಚಿದಳು. ಎರಡನೆಯದು ಯಾರಿಗೆ ಅಂದೆ. "ಆ ಹುಡುಗನ ತಾಯಿಗೆ ಯಾರು ಹಚ್ತಾರೆ?" ಅಂದಳು.

ಆಮೇಲೆ ಹೊರಗೆ ಬಂದು, "ಫೆಬ್ರವರಿ ಹನ್ನೆರಡಕ್ಕೆ ಎಷ್ಟು ದಿನ ಐತ್ಡಾ?" ಎಂದು ಕೂಗಿದಳು. ಆ ಕೂಗಿಗೆ ಬೀದಿಯೇ ಒಟ್ಟಿಗೆ ಮಾತು ಶುರುವಿಟ್ಟುಕೊಂಡಿತು.

ಓದುವಾಗ ನಡುವೆ ಒಂದೆರಡು ಕಡೆ ನಿಂತು ಕಣ್ಣು ಉಜ್ಜಿಕೊಂಡೆ. ಭತ್ತದ ಧೂಳು.

ಫೆಬ್ರವರಿ 12, ಭಾನುವಾರ

ದಿಂಡಿಗಲ್ಲಿನ ಯಾತ್ರೆಗೆ ಅಧಿಕೃತವಾಗಿ ಮೂವರು ಹೊರಟೆವು, ಬಸ್ಸಿನಲ್ಲಿ ಎಣಿಸಿದರೆ ಒಂಬತ್ತು. ಪಾಂಡಿಯಮ್ಮಾಳ್ ಚಿಕ್ಕವ್ವ ಪೆರಿಯಕುಳದಲ್ಲಿ ಇಳಿದು ಮಾವಿನಕಾಯಿ ಕೊಂಡು ಅದೇ ಬಸ್ಸಿಗೆ ಓಡಿ ಹತ್ತಿದಳು. ಗೋಡೆಗೋಡೆಯ ಮೇಲೂ ಚುನಾವಣೆಯ ಬರಹ. ಅತ್ತಿಗೆ ಹೊಸ ಸೀರೆ ಉಟ್ಟು, ಯಾಕೆ ಉಟ್ಟೆನೋ ಅಂತ ದಾರಿಯುದ್ದಕ್ಕೂ ಸೆರಗು ಮುಚ್ಚಿಕೊಂಡಿದ್ದಳು.

ರೈಲು ಬಂತು. ಅಣ್ಣ ಇಳಿದ. ಗುರುತು ಸಿಗುವುದು ಕಷ್ಟವಾಯಿತು. ಅಂಗಿ ಅವನದೇ, ಒಳಗೆ ಅರ್ಧ ಆಳು ಮಾತ್ರ ಇದ್ದ. ಅವ್ವ ಎರಡೂ ಕೈಯಲ್ಲಿ ಅವನ ಮುಖ ಹಿಡಿದು, ಅತ್ತಿತ್ತ ತಿರುಗಿಸಿ, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದಳು. "ಯಾರ್ಡಾ ಇವನು, ನಮ್ಮನೆಯೋನಾ?" ಅಂದು ಅಳು ನಗು ಎರಡನ್ನೂ ಒಟ್ಟಿಗೆ ಶುರುಮಾಡಿದಳು.

ಅಣ್ಣ ಅತ್ತಿಗೆಯ ಮುಂದೆ ನಿಂತ. ಏನಾದರೂ ಆಡಲೇಬೇಕಾದ ಸಂದರ್ಭ. ಬಹಳ ಹೊತ್ತು ಯೋಚಿಸಿ, "ಬಿಸಿಲು ಜಾಸ್ತಿ," ಅಂದ.

"ಹ್ಞೂಂ," ಅಂದಳು ಅತ್ತಿಗೆ. ಅವಳ ಕಣ್ಣು ತುಂಬಿ ತುಳುಕುತ್ತಿತ್ತು.

ಇಡೀ ಪ್ಲಾಟ್‌ಫಾರ್ಮಿನಲ್ಲಿ ಅದಕ್ಕಿಂತ ಚೆಂದದ ಮಾತನ್ನು ಯಾರೂ ಆಡಲಿಲ್ಲ. ನಾನು ಬರೆದುಕೊಟ್ಟಿದ್ದರೂ ಇಷ್ಟು ಬರುತ್ತಿರಲಿಲ್ಲ.

ಫೆಬ್ರವರಿ 14

ಎರಡು ದಿನದಿಂದ ಅಣ್ಣ ಸರಿಯಾಗಿ ನಿದ್ದೆ ಮಾಡಿಲ್ಲ. ಕಣ್ಣು ಮುಚ್ಚುತ್ತಾನೆ, ಬೀದಿಯಲ್ಲಿ ಲಾರಿ ಹೋದರೆ ಎದ್ದು ಕೂರುತ್ತಾನೆ. ಈವತ್ತು ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಇಲ್ಲಿ ನೋಡಿ, ನನ್ನನ್ನು ಕರೆದು ಮೆಲ್ಲಗೆ, "ತಂಗರಾಜ, ನಾನು ಮಲಗ್ತೀನಿ. ನೀನು ಬಾಗಿಲಲ್ಲಿ ಕೂರ್ತೀಯಾ?" ಅಂದ.

"ಕೂರ್ತೀನಿ," ಅಂದೆ.

"ಎದ್ದು ಹೋಗಲ್ವಲ್ಲಾ?"

"ಇಲ್ಲಣ್ಣಾ."

ಕೂತೆ. ಅವನು ಮಲಗಿದ. ಕೂಡಲೇ ರಾಜಾಜ್ಞೆ ಹೊರಡಿಸಿದೆ: ಕಾಗೆಗಳು ಬೇರೆ ಬೀದಿಯ ಮೇಲೆ ಹಾರತಕ್ಕದ್ದು. ಪಾಂಡಿಯಮ್ಮಾಳ್ ಚಿಕ್ಕವ್ವ ತನ್ನ ಒರಳಿನ ಮುಂದೆ ಮೌನವ್ರತ ಕೈಗೊಳ್ಳತಕ್ಕದ್ದು. ಅವನ ಬಾಯಿಂದ ಕಾಡಿನ ಕತೆ ಕೇಳಲು ಬಂದ ಆರು ಜನರನ್ನು ಹಿಂದಕ್ಕೆ ಕಳಿಸಿದೆ. "ಹಾಗಾದ್ರೆ ನೀನಾದ್ರೂ ಹೇಳ್ಡಾ, ನಿನ್ನ ಬಾಯಲ್ಲಿ ಕೇಳಿದ್ರೇನೇ ಚೆಂದ," ಅಂದರು. "ನಾನು ಅಲ್ಲಿರಲಿಲ್ಲ," ಅಂದೆ.

ಈಗ ಬಿಸಿಲು ಜಗಲಿಯಿಂದ ಇಳಿದಿದೆ. ಅವನು ಎರಡೂವರೆ ಗಂಟೆಯಿಂದ ಅಲುಗದೆ, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ ಮಲಗಿದ್ದಾನೆ. ಬೋಳಿಸಿದ ನುಣ್ಣನೆಯ ಮುಖ. ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿ ಅತ್ತಿಗೆ ಒಲೆಯಿಂದ ತೆಗೆದು ಹಾಕಿದ ಇದ್ದಿಲು. ಮೀಸೆ ಬರೆಯಲು ಇಂಥ ಮುಖ, ಇಂಥ ಇದ್ದಿಲು, ಇಂಥ ಗಾಢ ನಿದ್ದೆ, ಮೂರೂ ಒಟ್ಟಿಗೆ ಕೂಡಿಬರುವುದು ಒಬ್ಬ ಮನುಷ್ಯನ ಜೀವಮಾನದಲ್ಲಿ ಒಂದೇ ಸಲ.

ಬರೆಯಲಿಲ್ಲ. ಇದ್ದಿಲು ಒದ್ದೆಯಾಗಿತ್ತು ಎಂದು ಇಲ್ಲಿ ದಾಖಲಿಸತಕ್ಕದ್ದು.